ಅಟ್ಟದ ತೊಟ್ಟಿಗೊಂದು ಮುಚ್ಚಳ



ಕೂಲಿ, ಬೋನಸ್ಸು, ತುಟ್ಟಿಭತ್ಯೆ, ವಜಾ, ರಾಜಿ ಮಾತುಕತೆ ಎಂಬ ಶಬ್ದಗಳೇ ತುಂಬಿರುವ ಈ ಪುಟದಲ್ಲಿ ಮನೆಯ ಅಟ್ಟದ ಮೇಲಿರುವ ನೀರಿನ ತೊಟ್ಟಿಯ ಸಂಗತಿ ಏಕೆ ಬಂತೆಂದು ಕೆಲವರು ಕೇಳಬಹುದು. ಅದು ಹೆಂಗಸರ ಕೆಲಸವೆಂದೂ, ಆರೋಗ್ಯ ಇಲಾಖೆಯವರು ಹೇಳಿಕೊಳ್ಳಲಿ ಎಂದೂ ಅನ್ನುವವರಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಇದು ಮೊದಲನೆಯದಾಗಿ ಕೂಲಿಯ ಪ್ರಶ್ನೆ. ತುಂಡು ಲೆಕ್ಕದಲ್ಲಿ ಬೀಡಿ ಕಟ್ಟುವ ಸಹೋದರಿಗೆ ಜ್ವರದ ರಜೆ ಎಂಬುದೊಂದಿಲ್ಲ. ಆಕೆ ದಿನಕ್ಕೆ ಐನೂರು ಬೀಡಿ ಕಟ್ಟುವವಳೆಂದು ಇಟ್ಟುಕೊಳ್ಳಿ. ಹತ್ತು ದಿನ ಮಲಗಿದರೆ ಐದು ಸಾವಿರ ಬೀಡಿಯ ಕೂಲಿ ಹೋಯಿತು. ಪಕ್ಕದಲ್ಲಿ ಕುಳಿತು ಆರೈಕೆ ಮಾಡುವ ಮಗಳ ಕೂಲಿಯೂ ಹೋಯಿತು. ಆಸ್ಪತ್ರೆಗೆ ಹೋಗಿಬರುವ ರಿಕ್ಷಾ ಬಾಡಿಗೆ, ರಕ್ತ ಪರೀಕ್ಷೆಯ ಹಣ, ಅಂಗಡಿಯ ಸಾಲ ಎಲ್ಲವೂ ಬೇರೆ. ಡೆಂಗ್ಯೂ ಜ್ವರ ಇಳಿದ ಮೇಲೂ ಕೈಕಾಲಿಗೆ ಕಸುವು ಬರಲು ವಾರಗಳು ಬೇಕು. ಚಿಕೂನ್‌ಗುನ್ಯಾ ಬಂದವರ ಬೆರಳ ಗಂಟುಗಳು ತಿಂಗಳುಗಟ್ಟಲೆ ನೋಯುತ್ತವೆ. ಬೆರಳು ಮಡಚಲಾರದವಳು ಎಲೆ ಸುತ್ತುವುದೆಂತು? ಸಂಘದವರು ಎಷ್ಟೋ ಸಭೆ ಸೇರಿ, ಧರಣಿ ಕೂತು, ಸಾವಿರ ಬೀಡಿಗೆ ಕೆಲವು ರೂಪಾಯಿ ಹೆಚ್ಚಿಸಿಕೊಂಡದ್ದನ್ನು ಒಂದೇ ಒಂದು ಜ್ವರ ಕಸಿದುಕೊಂಡು ಹೋಗುತ್ತದೆ. ಆ ಜ್ವರ ಎಲ್ಲಿಂದ ಬರುತ್ತದೆಂದು ವಿಚಾರಿಸುವುದು ಸಂಘದ ಕೆಲಸವಲ್ಲವೆಂದು ನಾವು ಹೇಳಲಾರೆವು.

ನಮ್ಮ ಗಡಿನಾಡಿನ ಮನೆಗಳಲ್ಲಿ ಅಟ್ಟವೆಂಬುದು ಹಳೆಯ ವಸ್ತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಜಾತಿಯಿಂದಲೂ ಕಸುಬಿನಿಂದಲೂ ಹೊರಗಾದ ಕ್ರೈಸ್ತ ವಿಶ್ವಾಸಿಗಳಿಗೆ ಅಲ್ಲಿ ಕೆಲಸ ಸಿಕ್ಕಿತು. ಕಾಲಕ್ರಮದಲ್ಲಿ ಮುಳಿಹುಲ್ಲಿನ ಮಾಡುಗಳು ಹೋಗಿ ಹಂಚಿನ ಮಾಡುಗಳು ಬಂದವು. ಹಂಚಿನ ಕೆಳಗೆ ಅಟ್ಟ. ಅಟ್ಟದ ಮೇಲೆ ಸೌತೆಕಾಯಿ, ಒಣಗಿದ ತೆಂಗಿನಕಾಯಿ, ಹಳೆಯ ಪೆಟ್ಟಿಗೆ, ಮಳೆಗಾಲದ ಸೌದೆ. ನೀರು ಮಾತ್ರ ಅಲ್ಲಿರಲಿಲ್ಲ. ನೀರು ಬಾವಿಯಲ್ಲಿತ್ತು, ಗುಡ್ಡದ ಮೈಯಲ್ಲಿ ಮುರಕಲ್ಲು ಕೊರೆದ ಸುರಂಗದಲ್ಲಿತ್ತು. ಸುರಂಗದ ನೀರು ಪಂಪೂ ಇಲ್ಲದೆ, ಕರೆಂಟೂ ಇಲ್ಲದೆ ತಾನಾಗಿ ಹರಿದು ಬರುತ್ತಿತ್ತು. ಹಗ್ಗ, ಕೊಡಪಾನ, ಹಂಡೆ ಇವೇ ಸಾಧನಗಳಾಗಿದ್ದುವು. ದಿನದಿನವೂ ಸೇದಿದ ನೀರು ದಿನದಿನವೂ ಮುಗಿಯುತ್ತಿದ್ದುದರಿಂದ ಅದರಲ್ಲಿ ಹುಳ ಬೀಳಲು ಸಮಯವೇ ಇರಲಿಲ್ಲ.

ಈಗ ಬಾವಿಗೆ ಪಂಪು ಬಂದಿದೆ. 2019ರಿಂದೀಚೆಗೆ ಜಲಜೀವನ್ ಯೋಜನೆಯ ನಳ್ಳಿಗಳು ಬಡವರ ಅಂಗಳಕ್ಕೂ ಬಂದಿವೆ. ನಳ್ಳಿಯ ನೀರು ಹಗಲಿರುಳೂ ಬರುವುದಿಲ್ಲ, ಬಂದಾಗ ಹಿಡಿದಿಟ್ಟುಕೊಳ್ಳಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ನಾಡಾದರೂ ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಗುಡ್ಡಗಳ ಮೇಲೆ ಕೊಡ ನೀರಿಗೆ ಜಗಳವಾಗುತ್ತದೆ. ಆದುದರಿಂದ ತೊಟ್ಟಿ ಐಷಾರಾಮದ ವಸ್ತುವಲ್ಲ, ಆವಶ್ಯಕ ವಸ್ತು. ಬಿಸಿಲು ತಾಗದೆ ನೀರು ತಂಪಾಗಿರಲೆಂದೂ, ಎತ್ತರದಿಂದ ಅಡುಗೆಮನೆಗೂ ಬಚ್ಚಲಿಗೂ ತಾನಾಗಿ ಇಳಿಯಲೆಂದೂ ಅದನ್ನು ಅಟ್ಟಕ್ಕೇರಿಸುತ್ತೇವೆ. ಏರಿಸಿದ ದಿನ ಅದನ್ನು ನೋಡಿದ್ದೇ ಕೊನೆ. ಕಣ್ಣಿಗೆ ಕಾಣದ ವಸ್ತು ಮನಸ್ಸಿನಿಂದಲೂ ದೂರ. ಕೆಳಗೆ ನಳ್ಳಿ ತಿರುಗಿಸಿದರೆ ನೀರು ಬರುತ್ತದೆ. ಮೇಲೆ ಮುಚ್ಚಳ ಇದೆಯೋ ಇಲ್ಲವೋ ಯಾರು ಕೇಳುವರು?

ಮುಚ್ಚಳವಿಲ್ಲದ ತೊಟ್ಟಿಗೆ ಏನೇನು ಬೀಳುತ್ತದೆ ಎಂಬುದನ್ನು ಎಣಿಸಿ ನೋಡೋಣ. ಒಡೆದ ಹಂಚಿನ ಚೂರು, ಒಲೆಯ ಮಸಿ, ಬೀಡಿ ಎಲೆಯ ಹುಡಿ, ಹಲ್ಲಿ, ಜಿರಳೆ, ಬಾವಲಿಯ ಹಿಕ್ಕೆ. ಇಲಿ ಬಿದ್ದು ಸತ್ತರೆ ವಾಸನೆಯಿಂದಾದರೂ ತಿಳಿಯುತ್ತದೆ. ಇಲಿಯ ಮೂತ್ರ ಬಿದ್ದರೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಆದರೆ ಇಲಿಜ್ವರದ ರೋಗಾಣು ಅದರಲ್ಲಿರಬಹುದು. ತೋಟದಲ್ಲಿ, ಕಾಲುವೆಯಲ್ಲಿ ದುಡಿಯುವವರ ಕಾಲಿನ ಬಿರುಕು ಮತ್ತು ಗಾಯಗಳ ಮೂಲಕ ಆ ರೋಗಾಣು ಒಳಸೇರುತ್ತದೆ. ಅಂತಹ ಗಾಯದ ಕಾಲನ್ನು ಸಂಜೆ ಮನೆಗೆ ಬಂದು ತೊಳೆದುಕೊಳ್ಳುವ ನೀರಾದರೂ ಶುದ್ಧವಾಗಿರಬೇಡವೇ? ಇನ್ನು ಕೆಲವು ಮನೆಗಳಲ್ಲಿ ಅಡಿಕೆಗೆ ಹೊಡೆಯುವ ಮೈಲುತುತ್ತನ್ನೂ ಇಲಿಪಾಷಾಣವನ್ನೂ ಮಕ್ಕಳ ಕೈಗೆ ಸಿಗಬಾರದೆಂದು ಅಟ್ಟದಲ್ಲೇ, ತೊಟ್ಟಿಯ ಬದಿಯಲ್ಲೇ ಇಡುತ್ತಾರೆ. ಮಕ್ಕಳಿಂದ ದೂರವಿಟ್ಟ ವಿಷವನ್ನು ಮಕ್ಕಳು ಕುಡಿಯುವ ನೀರಿನ ಹತ್ತಿರ ಇಟ್ಟಂತಾಯಿತು.

ಇವೆಲ್ಲಕ್ಕಿಂತ ಹೆಚ್ಚು ಕೆಡುಕು ಮಾಡುವುದು ಸೊಳ್ಳೆ. ಡೆಂಗ್ಯೂ ಮತ್ತು ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳಕು ನೀರನ್ನು ಹುಡುಕುವುದಿಲ್ಲ. ಮನೆಯ ತಿಳಿನೀರೇ ಅದಕ್ಕೆ ಇಷ್ಟ. ಮೈಕಾಲಿನಲ್ಲಿ ಬಿಳಿ ಪಟ್ಟೆಗಳಿರುವ ಈ ಸೊಳ್ಳೆ ಹಗಲು ಹೊತ್ತಿನಲ್ಲಿ, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆಗೆ ಮುಂಚೆ, ಕಚ್ಚುತ್ತದೆ. ಬೀಡಿಯ ಮೊರ ಮಡಿಲಲ್ಲಿಟ್ಟು ಜಗಲಿಯಲ್ಲಿ ಕುಳಿತವರ ಕಾಲಿಗೆ ಅದು ಕಚ್ಚುವುದು ಆ ಹೊತ್ತಿನಲ್ಲೇ. ಹೆಣ್ಣು ಸೊಳ್ಳೆ ತನ್ನ ಮೊಟ್ಟೆಗಳನ್ನು ನೀರಿನ ಮೇಲೆ ತೇಲಿಬಿಡುವುದಿಲ್ಲ. ನೀರಿನ ಮಟ್ಟದ ಸ್ವಲ್ಪ ಮೇಲೆ, ತೊಟ್ಟಿಯ ಒದ್ದೆ ಗೋಡೆಗೆ ಅಂಟಿಸುತ್ತದೆ. ತೊಟ್ಟಿ ಬತ್ತಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಒಣಗಿಕೊಂಡೇ ಜೀವ ಹಿಡಿದಿರುತ್ತದೆ. ಮತ್ತೆ ನೀರು ಏರಿ ತಾಗಿದೊಡನೆ ಒಡೆಯುತ್ತದೆ. ಮೊಟ್ಟೆ ಒಡೆದು, ಹುಳವಾಗಿ, ಗೂಡಾಗಿ, ರೆಕ್ಕೆ ಬಂದು ಹಾರಲು ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನ ಸಾಕು. ಇದರಿಂದ ಎರಡು ಪಾಠ ಕಲಿಯಬೇಕು. ನೀರು ಚೆಲ್ಲಿದರಷ್ಟೇ ಸಾಲದು, ಗೋಡೆಯನ್ನು ಉಜ್ಜಬೇಕು. ತಿಂಗಳಿಗೊಮ್ಮೆ ನೋಡಿದರೆ ಸಾಲದು, ವಾರಕ್ಕೊಮ್ಮೆ ನೋಡಬೇಕು.

ಈ ಸೊಳ್ಳೆ ಬಹು ದೂರ ಹಾರುವುದಲ್ಲ. ಹುಟ್ಟಿದ ಮನೆಯ ಸುತ್ತಮುತ್ತಲೇ ತಿರುಗುತ್ತದೆ. ಆದುದರಿಂದ ನಮ್ಮನ್ನು ಕಚ್ಚುವ ಸೊಳ್ಳೆ ನಮ್ಮ ಅಟ್ಟದಲ್ಲೋ ನೆರೆಮನೆಯ ಅಟ್ಟದಲ್ಲೋ ಹುಟ್ಟಿದ್ದು. 2006 ಮತ್ತು 2007ರಲ್ಲಿ ಕೇರಳದಲ್ಲಿ ಚಿಕೂನ್‌ಗುನ್ಯಾ ಹರಡಿದಾಗಲೂ, 2017ರಲ್ಲಿ ಡೆಂಗ್ಯೂ ದೊಡ್ಡ ಹಾವಳಿಯಾಗಿ ಬಂದಾಗಲೂ ಹೊಗೆ ಬಿಡುವ ಯಂತ್ರವನ್ನು ಜನರು ಕಾದು ಕುಳಿತರು. ಹೊಗೆ ಹಾರುವ ಸೊಳ್ಳೆಗಳಲ್ಲಿ ಕೆಲವನ್ನು ಕೊಲ್ಲುತ್ತದೆ. ತೊಟ್ಟಿಯೊಳಗಿನ ಹುಳುವಿಗೆ ಅದು ತಾಗುವುದೇ ಇಲ್ಲ. ಯಂತ್ರ ಹೋದ ಮರುವಾರ ಹೊಸ ಪೀಳಿಗೆ ಹಾರುತ್ತದೆ.

2024 ಮತ್ತು 2025ರಲ್ಲಿ ಕೇರಳದಲ್ಲಿ ಇನ್ನೊಂದು ಭಯ ಹಬ್ಬಿತು. ಅಮೀಬಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಮಿದುಳು ಜ್ವರ ಅದು. 2025ರ ಆಗಸ್ಟ್ ಕೊನೆಯಲ್ಲಿ ಸರ್ಕಾರವು ಬಾವಿಗಳಿಗೆ ಕ್ಲೋರಿನ್ ಹಾಕುವ ಮತ್ತು ತೊಟ್ಟಿಗಳನ್ನು ತೊಳೆಯುವ ಚಳವಳಿ ನಡೆಸಿತು. ಆ ರೋಗ ನೀರು ಕುಡಿದರೆ ಬರುವುದಲ್ಲ. ಮೂಗಿನೊಳಗೆ ನೀರು ನುಗ್ಗಿದರೆ ಬರುವುದು. ಅದು ಅಪರೂಪದ ರೋಗ, ಆದರೆ ಬಂದರೆ ಉಳಿಯುವುದು ಕಷ್ಟ. ಕೆಸರು ತಳದಲ್ಲಿ ಕೂತು ಬೆಚ್ಚಗಾದ ನೀರು ಅಂಥ ಜೀವಿಗಳಿಗೆ ಅನುಕೂಲ. ಹೆದರಿ ಬಾಯಿಗೆ ಬಂದದ್ದನ್ನು ಹಬ್ಬಿಸುವುದು ಬೇಡ. ತೊಟ್ಟಿ ತೊಳೆದು ಕ್ಲೋರಿನ್ ಹಾಕಿದರೆ ಅಪಾಯ ಬಹಳ ಮಟ್ಟಿಗೆ ತಗ್ಗುತ್ತದೆ.

ಸತ್ಯವೇದವನ್ನು ಓದುವ ನಾವು ಮುಚ್ಚಳದ ಮಾತನ್ನು ಹಗುರವಾಗಿ ಎಣಿಸಕೂಡದು. ಅರಣ್ಯಕಾಂಡದ 19ನೇ ಅಧ್ಯಾಯದಲ್ಲಿ, ಸಾವು ಸಂಭವಿಸಿದ ಗುಡಾರದಲ್ಲಿ ಮುಚ್ಚಳ ಕಟ್ಟದೆ ತೆರೆದಿಟ್ಟ ಪಾತ್ರೆಯೆಲ್ಲ ಅಶುದ್ಧವೆಂದು ಮೋಶೆಯ ಮೂಲಕ ವಿಧಿಸಲಾಯಿತು. ರೋಗಾಣುವನ್ನು ಕಣ್ಣಿನಿಂದ ಕಂಡ ಕಾಲವಲ್ಲ ಅದು. ಆದರೂ ತೆರೆದ ಪಾತ್ರೆಗೂ ಮುಚ್ಚಿದ ಪಾತ್ರೆಗೂ ಭೇದವಿದೆಯೆಂದು ಆ ಜನರಿಗೆ ಕಲಿಸಲಾಗಿತ್ತು. ವಿಮೋಚನಕಾಂಡದ 21ನೇ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ. ಒಬ್ಬನು ಗುಂಡಿಯನ್ನು ತೆರೆದು ಅಥವಾ ತೋಡಿ ಮುಚ್ಚದೆ ಬಿಟ್ಟು, ಅದರಲ್ಲಿ ಇನ್ನೊಬ್ಬನ ಎತ್ತೋ ಕತ್ತೆಯೋ ಬಿದ್ದು ಸತ್ತರೆ, ಗುಂಡಿಯ ಒಡೆಯನೇ ಅದರ ಬೆಲೆ ತೆರಬೇಕೆಂದು ಅಲ್ಲಿದೆ. ಬಿದ್ದ ಎತ್ತಿನದು ತಪ್ಪಲ್ಲ, ಎತ್ತಿನ ಯಜಮಾನನದೂ ತಪ್ಪಲ್ಲ, ಮುಚ್ಚದವನದು ತಪ್ಪು. ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ ಹೊಸ ಮನೆ ಕಟ್ಟುವವನು ಮಾಳಿಗೆಗೆ ಸುತ್ತುಗೋಡೆ ಕಟ್ಟಬೇಕೆಂದಿದೆ; ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಮನೆಯ ಮೇಲೆ ಬರುವುದೆಂಬ ಎಚ್ಚರಿಕೆಯೂ ಇದೆ. ದೇವರ ಮೇಲಣ ಪ್ರೀತಿ ಪ್ರಾರ್ಥನೆಯಲ್ಲಿ ಮುಗಿಯಲಿಲ್ಲ. ಗುಂಡಿಯ ಮುಚ್ಚಳಕ್ಕೂ ಮಾಳಿಗೆಯ ಗೋಡೆಗೂ ಇಳಿದು ಬಂತು ಎಂಬುದನ್ನು ನಾವು ಗಮನಿಸಬೇಕು.

ಈ ನ್ಯಾಯವನ್ನು ನಮ್ಮ ಊರಿಗೆ ಅನ್ವಯಿಸಿ ನೋಡಿದರೆ ಪ್ರಶ್ನೆ ಏಳುತ್ತದೆ. ಮುಚ್ಚುವ ಹೊಣೆ ಯಾರದು? ಸ್ವಂತ ಮನೆಯಿದ್ದವರಿಗೆ ಉತ್ತರ ಸುಲಭ. ಬಾಡಿಗೆ ಕೋಣೆಗಳಲ್ಲಿರುವವರಿಗೆ ಹಾಗಲ್ಲ. ಪೇಟೆಯ ಅಂಚಿನಲ್ಲಿ ಸಾಲಾಗಿ ಕಟ್ಟಿದ ಕೋಣೆಗಳಲ್ಲಿ ಉತ್ತರ ಕರ್ನಾಟಕದಿಂದ ಬಂದ ಕಲ್ಲು ಮಣ್ಣಿನ ಕೆಲಸಗಾರರಿದ್ದಾರೆ. ಬಂಗಾಳ, ಅಸ್ಸಾಂ, ಒಡಿಶಾದಿಂದ ಬಂದವರೂ ಇದ್ದಾರೆ. ಹತ್ತಾರು ಜನರಿಗೆ ಒಂದೇ ತೊಟ್ಟಿ. ಆ ತೊಟ್ಟಿ ಇರುವ ಅಟ್ಟದ ಕೀಲಿಕೈ ಮಾಲೀಕನ ಜೇಬಿನಲ್ಲಿ. ಬಾಡಿಗೆ ವಸೂಲಿಗೆ ತಿಂಗಳಿಗೊಮ್ಮೆ ತಪ್ಪದೆ ಬರುವಾತ ವರ್ಷಕ್ಕೊಮ್ಮೆಯೂ ಏಣಿ ಹತ್ತುವುದಿಲ್ಲ. ಅಲ್ಲಿ ಜ್ವರ ಕಾಣಿಸಿಕೊಂಡರೆ ಊರವರು ಏನನ್ನುತ್ತಾರೆ? ಹೊರಗಿನವರು ಕೊಳಕು ಜನ, ರೋಗ ತಂದರು ಅನ್ನುತ್ತಾರೆ. ಇದು ಸುಳ್ಳು ಸಾಕ್ಷಿ. ಬಿದ್ದ ಎತ್ತನ್ನು ಬೈದು ಗುಂಡಿಯ ಒಡೆಯನನ್ನು ಬಿಟ್ಟಂತೆ. ಕೇರಳದ 2023ರ ಸಾರ್ವಜನಿಕ ಆರೋಗ್ಯ ಕಾನೂನು ಸೊಳ್ಳೆ ಹುಟ್ಟದಂತೆ ನೋಡಿಕೊಳ್ಳುವ ಹೊಣೆಯನ್ನು ಹೊರಿಸಿ, ತಪ್ಪಿದವರಿಗೆ ದಂಡವನ್ನೂ ಇಟ್ಟಿದೆ. ಕೀಲಿಕೈ ಯಾರ ಕೈಯಲ್ಲಿದೆಯೋ ಅವರಿಂದಲೇ ಉತ್ತರ ಕೇಳುವುದು ನ್ಯಾಯ. ದಂಡದ ಚೀಟಿ ಬಾಡಿಗೆದಾರನ ಬಾಗಿಲಿಗೆ ಮಾತ್ರ ಅಂಟಿಸುವುದಾದರೆ ಕಾನೂನು ಬಡವನಿಗೆ ಇನ್ನೊಂದು ಹೊರೆಯಾದೀತು.

ಮನೆಮನೆಯ ಮುಚ್ಚಳದ ಮಾತನ್ನು ಆಡುವಾಗ ಇನ್ನೊಂದು ಎಚ್ಚರವೂ ಬೇಕು. ತೆರೆದ ನೀರಿನ ಮೇಲೆ ಏನು ಬೀಳಬಲ್ಲದೆಂಬುದನ್ನು ಕಾಸರಗೋಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡು ದಶಕಗಳಿಗೂ ಹೆಚ್ಚು ಕಾಲ, 2000ದ ವರೆಗೆ, ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಲಾಯಿತು. ತೋಡಿಗೂ, ಬಾವಿಗೂ, ಸುರಂಗದ ಬಾಯಿಗೂ ಅದು ಬಿತ್ತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದಿತು. ಆ ದಿನಗಳಲ್ಲಿ ಬಾವಿ ಮುಚ್ಚಿಕೊಳ್ಳದ ಬಡವನದೇ ತಪ್ಪೆಂದು ಹೇಳುವುದು ಎಷ್ಟು ಕ್ರೂರವಾಗುತ್ತಿತ್ತು! ಆಕಾಶದಿಂದ ವಿಷ ಸುರಿಯುವುದನ್ನು ನಿಲ್ಲಿಸುವುದು ಮನೆಯ ಮುಚ್ಚಳದಿಂದ ಆಗುವ ಕೆಲಸವಲ್ಲ. ಜನ ಒಟ್ಟಾಗಿ ಅಧಿಕಾರದಲ್ಲಿರುವವರನ್ನು ಎದುರಿಸಿ ಮಾಡಬೇಕಾದ ಕೆಲಸ, ಹಾಗೆಯೇ ಮಾಡಿದರು. ಆದರೆ ಅಟ್ಟದ ತೊಟ್ಟಿಯ ವಿಷಯ ಬೇರೆ. ಇಲ್ಲಿ ಕೆಡುಕಿನ ಮೂಲ ನಮ್ಮ ಕೈಗೆಟಕುವ ಎತ್ತರದಲ್ಲಿದೆ. ಕೈಗೆಟಕದ್ದಕ್ಕೆ ಹೋರಾಡುವವರು ಕೈಗೆಟಕಿದ್ದನ್ನು ಬಿಡಬಾರದು.

ಹಾಗಾದರೆ ಮಾಡಬೇಕಾದ್ದೇನು? ನಮ್ಮ ಬಳಗದ ಗಾರೆ ಕೆಲಸದವರನ್ನೂ ಪ್ಲಂಬರುಗಳನ್ನೂ ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತೇವೆ.

ಮೊದಲನೆಯದು ಭಾರ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. 500 ಲೀಟರಿನ ತೊಟ್ಟಿ ತುಂಬಿದರೆ 50 ಕಿಲೋ ಅಕ್ಕಿಯ ಹತ್ತು ಮೂಟೆಗಳನ್ನು ಒಂದೇ ಕಡೆ ಪೇರಿಸಿದಂತೆ. ಗೆದ್ದಲು ತಿಂದ ಹಲಗೆಯ ಅಟ್ಟ ಅದನ್ನು ತಾಳದು. ತೊಟ್ಟಿಯ ಭಾರ ಗೋಡೆಗಳ ಮೇಲೆ ಇಳಿಯುವಂತೆ ದಪ್ಪ ತೊಲೆಗಳನ್ನೋ ಕಾಂಕ್ರೀಟ್ ಹಾಸನ್ನೋ ಇಡಬೇಕು. ಪ್ಲಾಸ್ಟಿಕ್ ತೊಟ್ಟಿಯ ತಳ ಪೂರ್ತಿಯಾಗಿ ಸಮತಟ್ಟಾದ ಹಾಸಿನ ಮೇಲೆ ಕೂರಬೇಕು. ಮಲಗುವ ಜಾಗದ ನೇರ ಮೇಲೆ ತೊಟ್ಟಿ ಇಡುವುದು ಬೇಡ. ತೊಲೆಗೆ ಗೆದ್ದಲು ಹತ್ತಿದೆಯೋ ಎಂದು ಮಳೆಗಾಲದ ಮೊದಲು ಕುಟ್ಟಿ ನೋಡಬೇಕು.

ಎರಡನೆಯದು ಮುಚ್ಚಳ. ತಿರುಗಿಸಿ ಕೂಡಿಸುವ ಮುಚ್ಚಳ ಒಡೆದುಹೋಗಿದ್ದರೆ ಹೊಸದನ್ನು ಹಾಕಿಸಿ. ಅಷ್ಟಕ್ಕೆ ಹಣವಿಲ್ಲದಿದ್ದರೆ ಒತ್ತಾದ ನೆಯ್ಗೆಯ ಬಟ್ಟೆಯನ್ನೋ ನೈಲಾನ್ ಬಲೆಯನ್ನೋ ಬಾಯಿಗೆ ಬಿಗಿಯಾಗಿ ಹೊದಿಸಿ, ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಿ, ಅದರ ಮೇಲೆ ಹಲಗೆಯೋ ತಗಡೋ ಇಡಿ. ಸಿಮೆಂಟಿನ ತೊಟ್ಟಿಗೆ ಅಂಚು ಕೆಳಗೆ ಮಡಚಿದ ತಗಡು ಒಳ್ಳೆಯದು. ಬೆಂಕಿಕಡ್ಡಿ ತೂರುವಷ್ಟು ಸಂದು ಸೊಳ್ಳೆಗೆ ಹೆಬ್ಬಾಗಿಲು. ತಗ್ಗಾದ ಮುಚ್ಚಳದ ಮೇಲೂ ಹಂಚಿನ ಸೋರಿಕೆಯ ನೀರು ನಿಂತು ಹುಳವಾಗುತ್ತದೆಂಬುದನ್ನು ಮರೆಯದಿರಿ. ಬೆಳಕು ಒಳಗೆ ಬೀಳದಿದ್ದರೆ ಪಾಚಿಯೂ ಕಟ್ಟುವುದಿಲ್ಲ.

ಮೂರನೆಯದು ಕೊಳವೆಗಳು. ಅನೇಕರು ಮುಚ್ಚಳ ಹಾಕಿ ನೀರು ತುಂಬಿ ಹೊರಚೆಲ್ಲುವ ಕೊಳವೆಯನ್ನು ತೆರೆದೇ ಬಿಡುತ್ತಾರೆ. ಮುಂಬಾಗಿಲಿಗೆ ಬೀಗ ಹಾಕಿ ಹಿಂಬಾಗಿಲು ತೆರೆದಿಟ್ಟಂತೆ. ಆ ಕೊಳವೆಯ ಬಾಯಿಗೂ ಗಾಳಿಯ ಕೊಳವೆಗೂ ಒಂದು ಮಿಲಿಮೀಟರಿಗಿಂತ ದೊಡ್ಡದಲ್ಲದ ಕಣ್ಣಿನ ಬಲೆ ಕಟ್ಟಬೇಕು. ಬಲೆ ಕಸ ಕಟ್ಟಿದೆಯೇ, ಹರಿದಿದೆಯೇ ಎಂದು ವಾರಕ್ಕೊಮ್ಮೆ ನೋಡಬೇಕು. ತೊಟ್ಟಿಯ ತಳದಲ್ಲಿ ಕೆಸರು ಹೊರಬಿಡುವ ತೂತು ಇದ್ದರೆ ತೊಳೆಯುವ ಕೆಲಸ ಅರ್ಧಕ್ಕರ್ಧ ಹಗುರ.

ನಾಲ್ಕನೆಯದು ತೊಳೆಯುವುದು. ಮಳೆಗಾಲದ ಮೊದಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಪೂರ್ತಿಯಾಗಿ ತೊಳೆಯಬೇಕು. ನಡುವೆ ಹುಳ ಕಂಡರೆ ಆಗಲೂ. ನೀರನ್ನು ಬರಿದುಮಾಡಿ, ಗಟ್ಟಿ ಬ್ರಷ್ಷಿನಿಂದ ಗೋಡೆಗಳನ್ನು, ಅದರಲ್ಲೂ ನೀರಿನ ಮಟ್ಟದ ಗೆರೆಯ ಮೇಲ್ಭಾಗವನ್ನು ಉಜ್ಜಿ, ಕೆಸರನ್ನು ಹೊರಗೆ ಹಾಕಬೇಕು. ಬಳಿಕ ತೊಟ್ಟಿಗೆ ನೀರು ತುಂಬಿ, 500 ಲೀಟರಿಗೆ 75 ಗ್ರಾಂ, 1000 ಲೀಟರಿಗೆ 150 ಗ್ರಾಂ ಹೊಸ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಹೊಯ್ಯಬೇಕು. ನಳ್ಳಿಗಳನ್ನು ಒಂದೊಂದಾಗಿ ತಿರುಗಿಸಿ ಕ್ಲೋರಿನ್ನಿನ ವಾಸನೆ ಬರುವ ತನಕ ಬಿಟ್ಟು ಮುಚ್ಚಿ, ಒಂದು ಹಗಲು ಒಂದು ರಾತ್ರಿ ಹಾಗೆಯೇ ಇಡಬೇಕು. ಆ ನೀರನ್ನು ಯಾರೂ ಕುಡಿಯಬಾರದು, ಸ್ನಾನಕ್ಕೂ ಬಳಸಬಾರದು, ದನಕ್ಕೂ ಇಡಬಾರದು. ಅದನ್ನು ಚೆಲ್ಲಿ, ಮತ್ತೊಮ್ಮೆ ತೊಳೆದು, ಹೊಸ ನೀರು ತುಂಬಿಸಬೇಕು. ಇದು ತೊಟ್ಟಿಯನ್ನು ತೊಳೆಯುವ ಲೆಕ್ಕ. ಕುಡಿಯುವ ನೀರನ್ನು ಶುದ್ಧಿಮಾಡುವ ಲೆಕ್ಕ ಬೇರೆ. ಅದಕ್ಕೆ 1000 ಲೀಟರಿಗೆ 2.5 ಗ್ರಾಂ ಸಾಕು, ಹಾಕಿ ಒಂದು ಗಂಟೆ ಬಿಡಬೇಕು. ಎರಡನ್ನೂ ಕಲಸಿಕೊಂಡು ಗೊಂದಲ ಮಾಡಿಕೊಳ್ಳಬೇಡಿ. ಬ್ಲೀಚಿಂಗ್ ಪೌಡರಿನ ಜೊತೆಗೆ ಆಸಿಡ್ಡನ್ನಾಗಲಿ ಪಾಯಿಖಾನೆ ತೊಳೆಯುವ ದ್ರಾವಣವನ್ನಾಗಲಿ ಎಂದಿಗೂ ಸೇರಿಸಕೂಡದು. ಏಳುವ ವಿಷದ ಗಾಳಿ ಅಟ್ಟದಂಥ ಇಕ್ಕಟ್ಟಿನಲ್ಲಿ ಪ್ರಾಣಕ್ಕೆ ಕುತ್ತು. ಹಳೆಯ, ತೇವ ಹಿಡಿದ ಪೌಡರಿನಲ್ಲಿ ಸತ್ವವಿರುವುದಿಲ್ಲ, ಮುಚ್ಚಿದ ಡಬ್ಬಿಯಲ್ಲಿಡಬೇಕು.

ಐದನೆಯದು, ಹತ್ತುವವನ ರಕ್ಷಣೆ. ತೊಟ್ಟಿ ತೊಳೆಯಲು ಯಾರನ್ನು ಕಳುಹಿಸುತ್ತೇವೆ? ಸಾಮಾನ್ಯವಾಗಿ ದಿನಗೂಲಿಯ ಹುಡುಗನನ್ನು. ಏಣಿಯ ಮೆಟ್ಟಿಲು ಮುರಿದಿರುತ್ತದೆ, ಅಟ್ಟದಲ್ಲಿ ಕತ್ತಲೆ, ಕೈಯಲ್ಲಿ ತಂತಿ ಬಿಚ್ಚಿದ ಬಲ್ಬು, ಕಾಲಡಿಯಲ್ಲಿ ನೀರು. ಕೆಲಸದ ಮೊದಲು ಪಂಪಿನ ಸ್ವಿಚ್ಚನ್ನು ಆರಿಸಬೇಕು. ಬ್ಯಾಟರಿ ದೀಪ ಬಳಸಬೇಕು. ಏಣಿ ಹಿಡಿಯಲು ಕೆಳಗೊಬ್ಬರು ಇರಲೇಬೇಕು. ಬ್ಲೀಚಿಂಗ್ ಕಲಸುವವರಿಗೆ ಕೈಗವಸೂ ಮೂಗಿಗೆ ಬಟ್ಟೆಯೂ ಬೇಕು. ದೊಡ್ಡ ತೊಟ್ಟಿಗೆ ಅಥವಾ ನೆಲದಡಿಯ ಟಾಂಕಿಗೆ ಒಬ್ಬನೇ ಇಳಿಯಕೂಡದು. ಮುಚ್ಚಳ ತೆಗೆದು ಬಹಳ ಹೊತ್ತು ಗಾಳಿಯಾಡಿಸಿ, ಮೇಲೆ ಕಾವಲು ಇಟ್ಟುಕೊಂಡೇ ಇಳಿಯಬೇಕು. ಅದರೊಳಗೆ ಪೆಟ್ರೋಲ್ ಅಥವಾ ಡೀಸೆಲ್ ಪಂಪನ್ನು ನಡೆಸಲೇಬಾರದು. ಒಳಗಿದ್ದವನು ತಲೆತಿರುಗಿ ಬಿದ್ದರೆ ಹಿಂದೆಯೇ ಧುಮುಕಿದವನೂ ಬೀಳುತ್ತಾನೆ; ಕೂಗಿ ಸಹಾಯ ಕರೆಯಬೇಕು. ನಮ್ಮ ಮನೆಯ ನೀರು ಶುದ್ಧವಾಗಲೆಂದು ಇನ್ನೊಬ್ಬನ ಸೊಂಟ ಮುರಿದರೆ ಆ ನೀರು ಶುದ್ಧವಾಗಲಿಲ್ಲ. ಈ ಕೆಲಸಕ್ಕೆ ಸರಿಯಾದ ಕೂಲಿಯನ್ನು ಮೊದಲೇ ಮಾತಾಡಿ ಅಂದೇ ಕೊಡಬೇಕು.

ಅಟ್ಟದೊಂದಿಗೆ ಅಂಗಳವನ್ನೂ ನೋಡಬೇಕು. ಬಿದ್ದ ಅಡಿಕೆ ಹಾಳೆ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪು, ಎಳನೀರಿನ ಬುರುಡೆ, ಹಳೆಯ ಟಯರು, ಫ್ರಿಜ್ಜಿನ ಹಿಂದಿನ ತಟ್ಟೆ ಇವೆಲ್ಲ ಸಣ್ಣ ಸಣ್ಣ ತೊಟ್ಟಿಗಳೇ. ಇವನ್ನು ಮುಚ್ಚಲಾಗದು, ಕವುಚಿ ಹಾಕಬೇಕು. ಜ್ವರ ಬಂದರೆ ಅಂಗಡಿಯ ನೋವುಗುಳಿಗೆ ನುಂಗಿ ಕೆಲಸಕ್ಕೆ ಹೋಗಬೇಡಿ. ಡೆಂಗ್ಯೂ ಇದ್ದವರಿಗೆ ಆಸ್ಪಿರಿನ್, ಐಬುಪ್ರೊಫೆನ್‌ನಂಥ ಗುಳಿಗೆಗಳಿಂದ ರಕ್ತಸ್ರಾವ ಹೆಚ್ಚಬಹುದು. ಜ್ವರ ಬಿಟ್ಟಿತೆಂದು ತೋರುವ ಹೊತ್ತಿಗೇ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಾಣಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಅಧಿಕಾರಿಗಳಲ್ಲಿ ನಮ್ಮದೊಂದು ಕೋರಿಕೆಯಿದೆ. 1956ರ ನವೆಂಬರ್ 1ರಂದು ಈ ಪ್ರದೇಶ ಕೇರಳಕ್ಕೆ ಸೇರಿತು. ನಮ್ಮ ಮಕ್ಕಳು ಮಲಯಾಳವನ್ನು ಓದುತ್ತಾರೆ, ಸಂತೋಷವೇ. ಆದರೆ ಮನೆಯಲ್ಲಿ ಹಗಲೆಲ್ಲ ಇರುವವರು, ತೊಟ್ಟಿಯ ನೀರನ್ನು ದಿನವೂ ಬಳಸುವವರು ಕನ್ನಡ ಮಾತ್ರ ಓದಬಲ್ಲ ತಾಯಂದಿರು, ಅಜ್ಜಿಯರು. ಆರೋಗ್ಯದ ಸೂಚನೆ ಓದಲಾರದ ಲಿಪಿಯಲ್ಲಿ ಬಂದರೆ ಅದು ಗೋಡೆಗೆ ಅಂಟಿಸಿದ ಬಣ್ಣದ ಕಾಗದ ಮಾತ್ರ. ಕನ್ನಡ ಭಾಷಾ ಅಲ್ಪಸಂಖ್ಯಾತರಿರುವ ಪಂಚಾಯತುಗಳಲ್ಲಿ ಈ ಸೂಚನೆಗಳನ್ನು ಕನ್ನಡದಲ್ಲೂ ಅಚ್ಚುಮಾಡಬೇಕು. ವಲಸೆ ಕಾರ್ಮಿಕರ ಕೋಣೆಗಳಲ್ಲಿ ಅವರ ಭಾಷೆಗಳಲ್ಲೂ ತಿಳಿಸಬೇಕು. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರು ನಮ್ಮಂತೆಯೇ ದುಡಿಯುವ ಸಹೋದರಿಯರು. ಅವರು ಏಣಿ ಕೇಳಿದರೆ ಗೊಣಗದೆ ತಂದುಕೊಡುವುದು ನಮ್ಮ ಕರ್ತವ್ಯ.

ಇದನ್ನು ಮಾಡುವ ದಿನ ಯಾವುದು? ಶುಕ್ರವಾರ ಶಾಲೆಗಳಲ್ಲಿ, ಶನಿವಾರ ಕಚೇರಿಗಳಲ್ಲಿ, ಭಾನುವಾರ ಮನೆಗಳಲ್ಲಿ ನಿಂತ ನೀರನ್ನು ಬರಿದುಮಾಡುವ ದಿನವೆಂದು ಕೇರಳದ ಆರೋಗ್ಯ ಇಲಾಖೆ ಹೇಳುತ್ತ ಬಂದಿದೆ. ಕರ್ತನ ದಿನದಲ್ಲಿ ತೊಟ್ಟಿ ನೋಡಬಹುದೋ ಎಂದು ಸಂಶಯಪಡುವ ಹಿರಿಯರು ಲೂಕನ ಸುವಾರ್ತೆಯ 14ನೇ ಅಧ್ಯಾಯವನ್ನು ಓದಲಿ. ಸಬ್ಬತ್ ದಿನದಲ್ಲಿ ಎತ್ತು ಬಾವಿಗೆ ಬಿದ್ದರೆ ಕೂಡಲೇ ಎತ್ತದವರು ಯಾರೆಂದು ಕರ್ತನು ಫರಿಸಾಯರನ್ನು ಕೇಳಿದನು; ಅವರ ಬಳಿ ಉತ್ತರವಿರಲಿಲ್ಲ. ಬಿದ್ದದ್ದನ್ನು ಎತ್ತುವುದು ಧರ್ಮವಾದರೆ ಬೀಳದಂತೆ ಮುಚ್ಚುವುದೂ ಧರ್ಮವೇ. ಆರಾಧನೆ ಮುಗಿದು ಊಟಕ್ಕೆ ಕೂರುವ ಮೊದಲು ಹತ್ತು ನಿಮಿಷ ಸಾಕು.

ಆದರೆ ಎಲ್ಲರ ಮನೆಯಲ್ಲೂ ಏಣಿ ಹತ್ತಬಲ್ಲವರಿಲ್ಲ. ಗಂಡನಿಲ್ಲದ ಹೆಂಗಸು, ಮಕ್ಕಳು ಗಲ್ಫಿಗೋ ಬೆಂಗಳೂರಿಗೋ ಹೋದ ಮುದುಕರು, ಬೆನ್ನು ಬಾಗಿದ ಹಳೆಯ ಬೀಡಿ ಕಾರ್ಮಿಕರು ಏನು ಮಾಡಬೇಕು? ಆದಿಕಾಂಡದ 29ನೇ ಅಧ್ಯಾಯದಲ್ಲಿ ಒಂದು ಬಾವಿಯ ಸಂಗತಿಯಿದೆ. ಅದರ ಬಾಯಿಗೆ ದೊಡ್ಡ ಕಲ್ಲನ್ನು ಮುಚ್ಚಿದ್ದರು. ಹಿಂಡುಗಳೆಲ್ಲ ಬಂದು ಸೇರಿದ ಮೇಲೆ ಕುರುಬರು ಕೂಡಿ ಕಲ್ಲನ್ನು ಉರುಳಿಸುತ್ತಿದ್ದರು, ಕುರಿಗಳಿಗೆ ನೀರು ಕುಡಿಸುತ್ತಿದ್ದರು, ಮತ್ತೆ ಕಲ್ಲನ್ನು ಅದರ ಸ್ಥಳದಲ್ಲಿ ಇಡುತ್ತಿದ್ದರು. ತೆಗೆಯುವುದೂ ಒಟ್ಟಾಗಿ, ಮುಚ್ಚುವುದೂ ಒಟ್ಟಾಗಿ; ಅದು ಒಬ್ಬನ ಬಾವಿಯೆಂದೂ ಒಬ್ಬನ ಕಲ್ಲೆಂದೂ ಅವರು ಎಣಿಸಲಿಲ್ಲ. ಸಂಘವೆಂದರೆ ಇದೇ ಅಲ್ಲವೇ?

ಆದುದರಿಂದ ಪ್ರತಿಯೊಂದು ಘಟಕದಲ್ಲಿ ಐದು ಐದು ಮನೆಗಳ ಗುಂಪು ಮಾಡಬೇಕೆಂದು ಬಳಗದ ಸದಸ್ಯರನ್ನು ಕೇಳಿಕೊಳ್ಳುತ್ತೇವೆ. ಐದು ಮನೆಗೆ ಒಂದು ಗಟ್ಟಿ ಏಣಿ, ಒಂದು ಬ್ರಷ್ಷು, ಒಂದು ಬ್ಯಾಟರಿ ದೀಪ, ಒಂದು ಡಬ್ಬಿ ಬ್ಲೀಚಿಂಗ್ ಪೌಡರ್ ಇದ್ದರೆ ಸಾಕು. ಹತ್ತಬಲ್ಲವರು ಹತ್ತಲಾರದವರ ಅಟ್ಟವನ್ನು ಮೊದಲು ನೋಡಲಿ, ಆಮೇಲೆ ತಮ್ಮದನ್ನು. ಕ್ರೈಸ್ತರ ಮನೆ, ಹಿಂದೂಗಳ ಮನೆ, ಮುಸಲ್ಮಾನರ ಮನೆ ಎಂಬ ಭೇದ ಸೊಳ್ಳೆಗಿಲ್ಲ, ನಮಗೂ ಇರಬಾರದು. ಬಾಡಿಗೆ ಕೋಣೆಗಳ ಪಟ್ಟಿಯನ್ನು ಮಾಡಿ, ತೊಟ್ಟಿಯ ಕೀಲಿಕೈ ಬಾಡಿಗೆದಾರರ ಬಳಿಯೂ ಒಂದು ಇರಲೆಂದು ಮಾಲೀಕರನ್ನು ಸಂಘದ ಪರವಾಗಿ ಮರ್ಯಾದೆಯಿಂದ ಕೇಳಬೇಕು. ಕೊಡದಿದ್ದರೆ ಪಂಚಾಯತಿಗೆ ಬರೆಯಬೇಕು. ತೊಳೆದ ತಾರೀಕನ್ನು ತೊಟ್ಟಿಯ ಮೈಮೇಲೆ ಬಣ್ಣದಿಂದ ಬರೆದಿಟ್ಟರೆ ಮುಂದಿನ ಸಲ ಯಾರಿಗೂ ವಾದವಿರದು.

ಮೇ ತಿಂಗಳು ಮುಗಿಯುವುದರೊಳಗೆ, ಮೊದಲ ಮಳೆ ಹಂಚಿನ ಮೇಲೆ ಸದ್ದು ಮಾಡುವ ಮುಂಚೆ, ಈ ಕೆಲಸ ಒಂದು ಸುತ್ತು ಮುಗಿದಿರಲಿ. ಎಷ್ಟು ಮನೆಗಳ ತೊಟ್ಟಿ ನೋಡಿದಿರಿ, ಎಷ್ಟಕ್ಕೆ ಮುಚ್ಚಳವಿರಲಿಲ್ಲ, ಎಷ್ಟಕ್ಕೆ ಹಾಕಿಸಿದಿರಿ ಎಂಬ ಲೆಕ್ಕವನ್ನು ಘಟಕದ ಕಾರ್ಯದರ್ಶಿಗಳು ಜೂನ್ ತಿಂಗಳ ಸಭೆಗೆ ತರಬೇಕು. ಕೂಲಿಯ ಲೆಕ್ಕವನ್ನು ಓದುವ ಅದೇ ಮೇಜಿನ ಮೇಲೆ ಆ ಲೆಕ್ಕವನ್ನೂ ಓದೋಣ.